ಕೆಳಗಿನ ಮನೆ ಗ್ರೂಪಿನಲ್ಲಿ ಅಟ್ಟದ ಜಗಳ

(ನಮ್ಮ ಫ್ಯಾಮಿಲಿ ಗ್ರೂಪಿನದ್ದು, ಹೆಸರು ಮಾತ್ರ ಬೇರೆ ಹಾಕಿದ್ದೇನೆ. ಊರಿನ ನಮ್ಮ ಮನೆಗೆ ಕೆಳಗಿನ ಮನೆ ಅಂತ ಹೆಸರು, ಈಗ ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕ ಹತ್ರ. ಗುಡ್ ಮಾರ್ನಿಂಗ್ ಮತ್ತು ಹೂಗಳನ್ನು ಬಿಟ್ಟಿದ್ದೇನೆ.)

ಸತೀಶ ಬೆಂಗ್ಳೂರು: ಈ ವಿಡಿಯೋ ಎಲ್ರೂ ನೋಡಿ. ಮಾರಿ ಕೊಂಡೊ ಅಂತ, ಜಪಾನಿನವಳು. ಒಂದೊಂದೇ ಸಾಮಾನು ಕೈಯಲ್ಲಿ ಹಿಡಿದು ಇದ್ರಿಂದ ಖುಷಿ ಆಗ್ತದಾ ನೋಡ್ಬೇಕು, ಇಲ್ದಿದ್ರೆ ಥ್ಯಾಂಕ್ಸ್ ಹೇಳಿ ಕಳಿಸುದು. ಮೊದ್ಲು ಬಟ್ಟೆ, ಮತ್ತೆ ಪುಸ್ತಕ, ಕಾಗದ, ಚಿಲ್ಲರೆ ಸಾಮಾನು, ನೆನಪಿನದ್ದೆಲ್ಲ ಕಡೆಗೆ. ನಮ್ಮ ಅಟ್ಟ ಒಮ್ಮೆ ಹೀಗೆ ಖಾಲಿ ಮಾಡಿದ್ರೆ ಮಳೆಗೆ ಮೊದ್ಲು ಹಂಚು ತೆಗ್ದು ರೀಪು ನೋಡ್ಲಿಕ್ಕೂ ಸುಲಭ

ದೊಡ್ಡಕ್ಕ ಪುತ್ತೂರು: ಅಟ್ಟದಲ್ಲಿರುದು ಕಸ ಅಲ್ಲ. ಅಮ್ಮನ ಸಾಮಾನು. ಯಾರೂ ಮುಟ್ಬೇಡಿ.

ಸುಮತ್ತಿಗೆ: ಅಕ್ಕಾ ಮುಟ್ಬೇಡಿ ಅಂದ್ರೆ ಗುಡಿಸುದು ಯಾರು? ಮೊನ್ನೆ ಹತ್ತಿದ್ದೆ. ಪೈಂಟಿನ ಖಾಲಿ ಡಬ್ಬಿ 14, ಹತ್ತಿ ಹಾಸಿಗೆ 6, ಅದ್ರಲ್ಲಿ ಒಂದ್ರೊಳಗೆ ಇಲಿ ಮರಿ ಹಾಕಿದೆ, ತೊಟ್ಟಿಲಿನ ಎರಡು ಕಾಲು ಒರಲೆ ತಿಂದು ಪುಡಿ, ಮದ್ದು ಬಿಡುವ ಹಳೆ ಪಂಪು ಎರಡು, ಮತ್ತೆ ಸತೀಶ ಕಾಲೇಜಿಗೆ ಹೋಗ್ವಾಗಿನ ಆ ದಪ್ಪ ಮಾನಿಟರ್. ಅದನ್ನು ಎತ್ತಿ ಹಿಡಿದ್ರೆ ಖುಷಿ ಅಲ್ಲ ಸೊಂಟ ಹಿಡೀತದೆ

ಸತೀಶ ಬೆಂಗ್ಳೂರು: 😂 ಅದು ಗುಜ್ರಿಗೆ ಕೊಡಿ ಅತ್ತಿಗೆ. ಟ್ರಂಕಿನ ಪೇಪರ್ ಕೂಡ ಕೊಡಿ, ಎಲ್ಲ ಹಳೆ ಪಂಚಾಂಗ

ಚಿಕ್ಕಪ್ಪ ನೀರ್ಚಾಲು: ಏ ನಿಲ್ಲು ಮಾರಾಯ. ಟ್ರಂಕು ಮುಟ್ಬೇಡ. ಪಂಚಾಂಗದ ಎಡೆಯಲ್ಲಿ ಮೂಲಗೇಣಿ ಚೀಟು ಉಂಟು, ಕಾಯಂ ಗೇಣಿಯ ಕಾಗದ ಅದು, ತೀರ್ವೆ ಅಂದ್ರೆ ಭೂಕಂದಾಯದ ರಶೀದಿ ಉಂಟು. 1956 ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿನ ಕೆಳಗೆ. ಆಗಿನದ್ದು ಅಜ್ಜನ ಕೈಬರಹದ ಕನ್ನಡದಲ್ಲೇ ಉಂಟು. ಕೇರಳದಲ್ಲಿ 2022ರಿಂದ ಡಿಜಿಟಲ್ ಸರ್ವೆ ನಡೀತಾ ಉಂಟಲ್ಲ, ನಾಳೆ ಗಡಿ ತಕರಾರು ಬಂದ್ರೆ ನಿನ್ನ ಜಪಾನಿನವಳು ಬಂದು ಸಾಕ್ಷಿ ಹೇಳ್ತಾಳಾ?

ಸತೀಶ ಬೆಂಗ್ಳೂರು: ಸ್ಕ್ಯಾನ್ ಮಾಡಿ ಇಟ್ರೆ ಆಯ್ತಲ್ಲ ಚಿಕ್ಕಪ್ಪ

ಚಿಕ್ಕಪ್ಪ ನೀರ್ಚಾಲು: ಮಾಡು. ಒರಿಜಿನಲ್ ಬಿಸಾಡುದು ಯಾಕೆ?

ನಾನು: ಆ ಮಾರಿ ಕೊಂಡೊನೇ ಮೂರನೇ ಮಗು ಆದ ಮೇಲೆ ಮನೆ ಒಪ್ಪ ಮಾಡುದು ಸುಮಾರಿಗೆ ಬಿಟ್ಟಿದ್ದೇನೆ ಅಂತ 2023ರಲ್ಲಿ ಹೇಳಿದ್ದಾಳೆ ಸತೀಶ. ನಿನ್ನ ವಿಡಿಯೋ ಅದಕ್ಕಿಂತ ಹಳತು

ಸುಮತ್ತಿಗೆ: ಪಂಚಾಯತಿನ ಹರಿತ ಕರ್ಮ ಸೇನೆಯವರು ತಿಂಗಳಿಗೆ 50 ರೂಪಾಯಿಗೆ ಬಂದು ಪ್ಲಾಸ್ಟಿಕ್ ತಕೊಂಡು ಹೋಗ್ತಾರೆ, ಆದ್ರೆ ತೊಳೆದು ಒಣಗಿಸಿ ಕೊಡ್ಬೇಕು. ಹಳೆ ಬಟ್ಟೆ, ಚಪ್ಪಲಿ, ಕರೆಂಟಿನ ಸಾಮಾನು ಎಲ್ಲ ಒಂದೊಂದು ತಿಂಗಳು ಒಂದೊಂದು ನಮೂನೆ. ಹಾಸಿಗೆ ಬಿಡಿಸಿ, ಡಬ್ಬಿ ತೊಳೆದು, ಗೋಣಿಗೆ ಕಟ್ಟಿ ಗೇಟಿಗೆ ತರುದು ನಾನು. ನೀವು ಅಲ್ಲಿ ಕೂತು ಒಬ್ರು ಬಿಸಾಡಿ ಅಂತೀರಿ ಒಬ್ರು ಮುಟ್ಬೇಡಿ ಅಂತೀರಿ. ಬೇಕಾದವರು ಬಂದು ಹೊತ್ಕೊಂಡು ಹೋಗಿ, ಈ ತಿಂಗಳು ಕಳೆದ ಮೇಲೆ ನಾನು ಯಾರನ್ನೂ ಕೇಳುದಿಲ್ಲ

ದೊಡ್ಡಕ್ಕ ಪುತ್ತೂರು: ಸುಮಾ ನಿನ್ನನ್ನು ಯಾರು ಎಂತ ಹೇಳಿದ್ರು ಈಗ. ನಾನು ಫ್ಲ್ಯಾಟಿನಲ್ಲಿ ಎಲ್ಲಿ ಇಡ್ಲಿ? ಅಮ್ಮನ ಕೊಪ್ಪರಿಗೆ ಮಾತ್ರ ಯಾರಿಗೂ ಕೊಡ್ಬೇಡ ಆಯ್ತಾ. ನನ್ನ ಮದುವೆಗೆ ಅದ್ರಲ್ಲೇ ಪಾಯಸ ಮಾಡಿದ್ದು. ಅಮ್ಮ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಬಂಗಾರದ ಹಾಗೆ ಇಟ್ಟಿದ್ರು. ಅದನ್ನು ನೋಡಿದ್ರೆ ಅಮ್ಮನನ್ನೇ ನೋಡಿದ ಹಾಗೆ ನನಗೆ.

(ಇಲ್ಲಿ ಎಲ್ರೂ ಕೈ ಮುಗಿಯುವ ಎಮೋಜಿ ಹಾಕಿದ್ರು, ನಾನೂ ಹಾಕಿದೆ. ಸತೀಶನ ವಿಡಿಯೋದ ಸುದ್ದಿ ಅಲ್ಲಿಗೆ ಮುಗೀತು. ಹತ್ತು ನಿಮಿಷದ ಮೇಲೆ ಅತ್ತಿಗೆ ಫೋಟೋ ಕಳಿಸಿದ್ರು. ಕೊಪ್ಪರಿಗೆ ಹಸಿರು ಹಿಡಿದಿದೆ, ಒಳಗೆ ಜೇಡರ ಬಲೆ, ಒಂದು ಬದಿ ಕಿವಿ ಇಲ್ಲ. ಬಾಯಿ ಅಂಚನ್ನು ಸೆರಗಿನಲ್ಲಿ ಉಜ್ಜಿದ ಜಾಗ ಮಾತ್ರ ಕೆಂಪು.)

ಸುಮತ್ತಿಗೆ: ಇದಾ ಅಕ್ಕ? ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರ ಉಂಟು. ಜೂಮ್ ಮಾಡಿ

ಸತೀಶ ಬೆಂಗ್ಳೂರು: ಕೆ.ಮ. ಅಲ್ವಾ? ಕೆಳಗಿನ ಮನೆ

ನಾನು: ಅದು ಕೆ ಅಲ್ಲ

ಸುಮತ್ತಿಗೆ: ಮೇ.ಮ.

ಚಿಕ್ಕಪ್ಪ ನೀರ್ಚಾಲು: ಅಯ್ಯೋ ದೇವ್ರೇ. ಮೇಲಿನ ಮನೆಯದ್ದು! ಆಗೆಲ್ಲ ಊರಲ್ಲಿ ಅನುಪ್ಪತ್ಯ, ಮದುವೆ ಗಿದುವೆ ಅಂದ್ರೆ ನಾಲ್ಕು ಮನೆಯಿಂದ ಪಾತ್ರೆ ತರುದು, ಬದಲಾಗ್ಬಾರ್ದು ಅಂತಲೇ ಹೆಸರು ಕೊರೆಯುದು. ದೊಡ್ಡಕ್ಕನ ಮದುವೆಗೆ ನಾನೂ ನಿನ್ನ ಅಪ್ಪನೂ ಬಡಿಗೆಗೆ ಕಟ್ಟಿ ಹೊತ್ಕೊಂಡು ಬಂದದ್ದು. ಮತ್ತೆ ವಾಪಸ್ಸು ಕೊಂಡೋಗಿ ಕೊಟ್ಟದ್ದು ನನಗೆ ನೆನಪಿಲ್ಲ

ಸತೀಶ ಬೆಂಗ್ಳೂರು: ದೊಡ್ಡಕ್ಕನ ಮದುವೆ 1983. ಬಾಡಿಗೆ ಲೆಕ್ಕ ಹಾಕಿದ್ರೆ ಅಡಕೆ ತೋಟ ಬರ್ಕೊಡ್ಬೇಕಾದೀತು

ದೊಡ್ಡಕ್ಕ ಪುತ್ತೂರು: ಸತೀಶಾ ನೀನು ಸುಮ್ನಿರು.

ದೊಡ್ಡಕ್ಕ ಪುತ್ತೂರು: ಅಮ್ಮ ಅಷ್ಟು ತಿಕ್ಕಿದ್ದು ಅವ್ರದ್ದನ್ನಾ

ಸುಮತ್ತಿಗೆ: ಮೇಲಿನ ಮನೆ ಅಮ್ಮ ಈಗ್ಲೂ ಇದ್ದಾರೆ, ನಿನ್ನೆ ಹಾಲಿನ ಡಿಪೋದಲ್ಲಿ ಸಿಕ್ಕಿದ್ರು. ಆದಿತ್ಯವಾರ ಕೊಟ್ಟು ಬರುವ. ಅಕ್ಕಾ ನೀವೂ ಬನ್ನಿ, ಹುಣಸೆಹುಳಿ ನೆನೆ ಹಾಕಿಡ್ತೇನೆ

ದೊಡ್ಡಕ್ಕ ಪುತ್ತೂರು: ಬೆಳಗ್ಗಿನ ಬಸ್ಸಿಗೆ ಬರ್ತೇನೆ. ನಾನು ಬರುವವರೆಗೆ ತಿಕ್ಕಬೇಡ.