ಅಪ್‌ಡೇಟ್: ಗೋಬರ್ ಗ್ಯಾಸ್ ಒಲೆ ಮತ್ತೆ ಉರಿಯಿತು

ಗಂಗಾವತಿ ಹತ್ತಿರದ ನಮ್ಮ ಮನೆಯ 2 ಘನ ಮೀಟರ್ ಗೋಬರ್ ಗ್ಯಾಸ್ ಯಾಕೆ ಉರಿಯುತ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆ. ತಪ್ಪು ನನ್ನದೇ. ಸಗಣಿ ಸಾಲಲಿಲ್ಲ ಅಂತ ಖಾನಾವಳಿಯಲ್ಲಿ ಉಳಿದ ಅನ್ನ, ಸಾರು ಬಕೆಟ್‌ಗಟ್ಟಲೆ ಸುರಿದಿದ್ದೆ. ನೀವು ಹೇಳಿದ ಹಾಗೆ ಒಳಗೆಲ್ಲ ಹುಳಿ ಹಿಡಿದಿತ್ತು. ಮೀಥೇನ್ (ಒಲೆಯಲ್ಲಿ ಉರಿಯುವ ಅನಿಲ) ಮಾಡುವ ಸೂಕ್ಷ್ಮಜೀವಿಗಳಿಗೆ ಹುಳಿ ಜಾಸ್ತಿಯಾದರೆ ಆಗಿಬರಲ್ಲ, ಅಲ್ವಾ? ನೀಲಿ ಲಿಟ್ಮಸ್ ಕಾಗದ ಅದ್ದಿದೆ, ಕೆಂಪಾಯಿತು. ಅನ್ನ ನಿಲ್ಲಿಸಿದೆ. ಹುಳಿ ತಗ್ಗಲಿ ಅಂತ ಸ್ವಲ್ಪ ಸುಣ್ಣದ ತಿಳಿ ಹಾಕಿದೆ. ಆಮೇಲೆ ಬರೀ ಎಮ್ಮೆ ಸಗಣಿ, ಅದಕ್ಕೆ ಸಮ ನೀರು. ಹದಿನೆಂಟನೇ ದಿನ ಉರಿ ನೀಲಿಯಾಗಿ ಬಂತು. ಅವ್ವ ಮೊದಲು ಚಹಾ ಇಟ್ಟಳು. ಈಗ ಅನ್ನ ದಿನಕ್ಕೆ ಎರಡೇ ಕೆಜಿ, ಅದೂ ಚೆನ್ನಾಗಿ ಹಿಸುಕಿ. ಖಾನಾವಳಿಯವರು ಮಾತ್ರ ‘ಯಾಕ್ರೀ, ಬಕೆಟ್ ಬ್ಯಾಡೇನು?’ ಅಂತ ಇನ್ನೂ ಕೇಳುತ್ತಿದ್ದಾರೆ.