34ನೇ ನಂಬರಿನ ಮನೆ ಅರ್ಜಿ: ಕಂಬದ ಮೇಲಿನ ನೋಟಿಸು ನೋಡಿದ್ರಾ?

ಮನೆ 12:
ಎಲ್ಲರಿಗೂ ನಮಸ್ಕಾರ. 34ರ ಮುಂದಿನ ದೀಪದ ಕಂಬಕ್ಕೆ ಕೌನ್ಸಿಲ್‌ನವರು (ಇಲ್ಲಿ ಇಂಗ್ಲೆಂಡಿನ ನಮ್ಮ ಸ್ಥಳೀಯ ಆಡಳಿತ) ನೋಟಿಸು ಕಟ್ಟಿ ಹೋಗಿದ್ದಾರೆ. ಮೂರು ಬೆಡ್‌ರೂಮಿನ ಸೆಮಿ ಮನೆಯನ್ನ (ಒಂದು ಗೋಡೆ ಪಕ್ಕದ ಮನೆಗೆ ಅಂಟಿದ್ದು) ಏಳು ಜನರ ಎಚ್‌ಎಂಒ, ಅಂದ್ರೆ ಬೇರೆ ಬೇರೆ ಬಾಡಿಗೆದಾರರು ಹಂಚಿಕೊಂಡು ಇರೋ ಮನೆ, ಮಾಡ್ತಾರಂತೆ. ಹಿಂದೆ ಎಕ್ಸ್‌ಟೆನ್ಷನ್, ಮೇಲೆ ಲಾಫ್ಟು (ಸೂರಿನ ಕೆಳಗಿನ ಅಟ್ಟದಲ್ಲಿ ರೂಮು). ನೋಟಿಸಿನ ತಾರೀಖು ಮಾರ್ಚ್ 3, ಅಭಿಪ್ರಾಯ ಕಳಿಸೋಕೆ 24ರ ತನಕ ಟೈಮು. ಸಹಿ ಸಂಗ್ರಹ ಮಾಡಿ ನಮ್ಮ ಕೌನ್ಸಿಲರ್ ಕೈಗೆ ಕೊಡೋಣ ಅಂತಿದ್ದೀನಿ. ಅವರು ಹೇಗೂ ಇಂಥ ಅರ್ಜಿಗಳನ್ನ ತೀರ್ಮಾನಿಸೋ ಪ್ಲಾನಿಂಗ್ ಕಮಿಟೀಲಿದ್ದಾರೆ. ‘ವಿರುದ್ಧ ವೋಟ್ ಹಾಕ್ತೀನಿ’ ಅಂತ ಒಂದು ಮಾತು ತಗೊಂಡ್ಬಿಟ್ರೆ ಆಯ್ತಲ್ಲ?

ಮನೆ 27:
ಸರ್, ದಯವಿಟ್ಟು ಆ ಮಾತು ಮಾತ್ರ ಕೇಳಬೇಡಿ. ಅವರು ಮಾತು ಕೊಟ್ರೆ ನಮಗೇ ನಷ್ಟ. ಪ್ಲಾನಿಂಗ್ ಕಮಿಟಿಯಲ್ಲಿ ಕೂತವರು ವರದಿ, ಎರಡೂ ಕಡೆಯ ವಾದ, ಎಲ್ಲ ಕೇಳಿದ ಮೇಲೇ ಮನಸ್ಸು ಮಾಡಬೇಕು. 2011ರ ಲೋಕಲಿಸಂ ಆಕ್ಟಿನ 25ನೇ ಸೆಕ್ಷನ್ ಸ್ವಲ್ಪ ಸಡಿಲ ಕೊಟ್ಟಿದೆ ನಿಜ: ಹಿಂದೆ ಏನೋ ಅಭಿಪ್ರಾಯ ಹೇಳಿದ್ರು ಅನ್ನೋದೊಂದೇ ಕಾರಣಕ್ಕೆ ಅವರ ಮನಸ್ಸು ಮುಚ್ಚಿಹೋಗಿತ್ತು ಅಂತ ಹೇಳೋಹಾಗಿಲ್ಲ. ಆದರೆ ‘ಏನೇ ಬರಲಿ ವಿರುದ್ಧವೇ’ ಅಂತ ಬರೆದುಕೊಟ್ರೆ ಕಥೆ ಬೇರೆ. ಆ ಐಟಂ ಬಂದಾಗ ಅವರೇ ಎದ್ದು ಹೊರಗೆ ಹೋಗಬೇಕಾಗುತ್ತೆ, ಇಲ್ಲಾ ತೀರ್ಮಾನವೇ ಆಮೇಲೆ ಕೋರ್ಟಲ್ಲಿ ಬೀಳಬಹುದು.

ನಮ್ಮ ವಾರ್ಡಿಗೆ ಮೂವರು ಕೌನ್ಸಿಲರ್‌ಗಳು. ಕಮಿಟಿಯಲ್ಲಿ ಇಲ್ಲದ ಇಬ್ಬರಲ್ಲಿ ಒಬ್ಬರನ್ನ ಹಿಡಿಯೋಣ. ಅವರು ಎರಡು ಕೆಲಸ ಮಾಡಿಕೊಡಲಿ: ಒಂದು ಕಾಲ್-ಇನ್, ಇನ್ನೊಂದು ಸಭೆಯಲ್ಲಿ ವಾರ್ಡ್ ಕೌನ್ಸಿಲರ್ ಆಗಿ ಮಾತಾಡೋದು. ಕಮಿಟಿಯಲ್ಲಿರೋರಿಗೆ ಕಾಗದ ಪತ್ರ ಕಳಿಸೋದಿದ್ರೆ ಒಬ್ಬರಿಗೇ ಬೇಡ, ಕಮಿಟಿ ಕ್ಲರ್ಕ್ ಮೂಲಕ ಎಲ್ಲ ಸದಸ್ಯರಿಗೂ ಒಂದೇ ಪ್ರತಿ ಹೋಗಲಿ.

ಮನೆ 19:
ಕಾಲ್-ಇನ್ ಅಂದ್ರೆ ಎಂತದು ಮಾರಾಯ್ರೆ? ಅರ್ಜಿ ಹೇಗೂ ಕಮಿಟಿಗೆ ಹೋಗ್ತದಲ್ಲ?

ಮನೆ 27:
ಇಲ್ಲ, ಎಲ್ಲರೂ ಎಡವೋದೇ ಇಲ್ಲಿ. ಬಹುಪಾಲು ಅರ್ಜಿಗಳನ್ನ ಆಫೀಸರ್‌ಗಳೇ ಮುಗಿಸಿಬಿಡ್ತಾರೆ, ಅದಕ್ಕೆ ಡೆಲಿಗೇಟೆಡ್ ಡಿಸಿಷನ್ ಅಂತಾರೆ. ಕಮಿಟಿ ಮೇಜಿಗೆ ಬರಬೇಕು ಅಂದ್ರೆ ವಾರ್ಡ್ ಕೌನ್ಸಿಲರ್ ಲಿಖಿತವಾಗಿ, ಪ್ಲಾನಿಂಗ್ ಕಾರಣ ಕೊಟ್ಟು, ಗಡುವಿನೊಳಗೆ ಕೇಳಬೇಕು, ಅದೇ ಕಾಲ್-ಇನ್. ‘ನಿವಾಸಿಗಳಿಗೆ ಇಷ್ಟವಿಲ್ಲ’ ಅಂತ ಬರೆದ್ರೆ ಅದು ಕಾರಣವಲ್ಲ. ‘ರಸ್ತೆ ಪಾರ್ಕಿಂಗ್ ಒತ್ತಡ, ಒಳಗೆ ವಾಸಿಸೋರಿಗೆ ಸಿಗುವ ಜಾಗದ ಕೊರತೆ’ ಅಂದ್ರೆ ಕಾರಣ. ಗಡುವು ಒಂದೊಂದು ಕೌನ್ಸಿಲ್ಲಿಗೆ ಒಂದೊಂದು ಥರ. ಕೌನ್ಸಿಲ್ಲಿನ ಕಾನ್‌ಸ್ಟಿಟ್ಯೂಷನ್ (ಅವರ ನಿಯಮಾವಳಿ) ತೆಗೆದು ‘ಸ್ಕೀಮ್ ಆಫ್ ಡೆಲಿಗೇಷನ್’ ಅನ್ನೋ ಭಾಗ ನೋಡಿ. ಯಾವುದಕ್ಕೂ ಇದೇ ಶುಕ್ರವಾರದೊಳಗೆ ಈಮೇಲ್ ಹೋಗಲಿ.

ಮನೆ 8:
ಇಷ್ಟೆಲ್ಲ ಓಡಾಡಿ ಏನು ಸುಖ? ಏಳು ಬೇಡ ಅಂದ್ರೆ ಆರು ಜನರನ್ನ ಇಡ್ತಾನೆ. ಆರಕ್ಕೆ ಪರ್ಮಿಷನ್ನೇ ಬೇಕಿಲ್ಲ.

ಮನೆ 27:
ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇಡೀ ಕೇಸಿನ ಗಂಟು ಇರೋದೇ ಅಲ್ಲಿ. ಪ್ಲಾನಿಂಗ್ ಕಾನೂನಿನಲ್ಲಿ ಕಟ್ಟಡದ ಬಳಕೆಗೆ ವರ್ಗಗಳಿವೆ, ಮೂರರಿಂದ ಆರು ಜನರ ಎಚ್‌ಎಂಒ ಸಿ4 ವರ್ಗ. ಇಂಗ್ಲೆಂಡಿನಲ್ಲಿ 2010ರ ಅಕ್ಟೋಬರ್‌ನಿಂದ ಮಾಮೂಲಿ ಮನೆಯನ್ನ ಸಿ4 ಮಾಡೋಕೆ ಅರ್ಜಿ ಬೇಡ, ಆರ್ಟಿಕಲ್ 4 ಡೈರೆಕ್ಷನ್ (ಈ ವಿನಾಯಿತಿಯನ್ನ ಒಂದು ಪ್ರದೇಶದಲ್ಲಿ ಹಿಂತೆಗೆದುಕೊಳ್ಳೋ ಆದೇಶ) ಇರೋ ಕಡೆ ಮಾತ್ರ ಬೇಕು. ನಮ್ಮ ವಾರ್ಡಿಗೆ ಆರ್ಟಿಕಲ್ 4 ಇಲ್ಲ. ಏಳನೆಯವನು ಬಂದ ತಕ್ಷಣ ಮನೆ ಸಿ4 ದಾಟಿ ‘ಸೂಯಿ ಜೆನರಿಸ್’ (ಯಾವ ವರ್ಗಕ್ಕೂ ಸೇರದ್ದು) ಆಗುತ್ತೆ, ಆಗ ಅರ್ಜಿ ಬೇಕು. ಹಾಗಾಗಿ ಆಫೀಸರ್ ವರದಿಯಲ್ಲಿ ‘ಹೇಗೂ ಆರು ಜನ ಇರಬಹುದಿತ್ತು, ಒಬ್ಬರು ಹೆಚ್ಚಾದ್ರೆ ಏನು ತೊಂದರೆ?’ ಅನ್ನೋ ವಾಕ್ಯ ಬಂದೇ ಬರುತ್ತೆ. ಆ ಒಂದು ಪ್ರಶ್ನೆಗೆ ಉತ್ತರವಿಲ್ಲದ ಪತ್ರ ಎಷ್ಟು ಉದ್ದ ಇದ್ರೂ ದಂಡ.

ಇನ್ನೊಂದು ವಿಷಯ. ಹಿಂದಿನ ಎಕ್ಸ್‌ಟೆನ್ಷನ್ ಮೇಲೆ, ಲಾಫ್ಟ್ ಮೇಲೆ ಶಕ್ತಿ ಖರ್ಚು ಮಾಡಬೇಡಿ. ಸೆಮಿ ಮನೆಗೆ ಹಿಂದೆ 3 ಮೀಟರ್ ಒಂದಂತಸ್ತು, ಮೇಲೆ 50 ಘನ ಮೀಟರ್‌ವರೆಗಿನ ಲಾಫ್ಟು, ಎರಡೂ ಮಾಮೂಲಾಗಿ ಅರ್ಜಿ ಇಲ್ಲದೆ ಕಟ್ಟಬಹುದಾದವು.

ಮನೆ 36:
ನಮ್ಮದು 34ಕ್ಕೆ ಅಂಟಿದ ಗೋಡೆ. ಕೌನ್ಸಿಲ್ಲಿನ ಪ್ಲಾನಿಂಗ್ ವೆಬ್‌ಸೈಟಿನ ಪೋರ್ಟಲ್‌ನಿಂದ ನಕ್ಷೆ ಇಳಿಸಿಕೊಂಡು ನೋಡ್ದೆ. 1:100 ಸ್ಕೇಲು, ಎ3 ಹಾಳೆ. (ಎ4ನಲ್ಲಿ ಪ್ರಿಂಟ್ ತೆಗೆದು ಅಳೆದ್ರೆ ಎಲ್ಲ ತಪ್ಪಾಗುತ್ತೆ, ಹುಷಾರು.) ಲಾಫ್ಟಿನ 7ನೇ ರೂಮು 3.0 × 2.7 ಮೀಟರ್, 8.1 ಚದರ ಮೀಟರ್ ಅಂತ ಬರೆದಿದ್ದಾರೆ. ಸೆಕ್ಷನ್ ಡ್ರಾಯಿಂಗ್ (ಮನೆಯನ್ನ ಸೀಳಿದ ಹಾಗೆ ಎತ್ತರ ತೋರಿಸೋ ನಕ್ಷೆ) ಪಕ್ಕದಲ್ಲಿಟ್ಟು ನೋಡಿದ್ರೆ ಇಳಿಜಾರಿನ ಕಡೆ 0.9 ಮೀಟರ್ ಅಗಲದ ಪಟ್ಟಿಯಲ್ಲಿ ಸೂರಿನ ಎತ್ತರ 1.5 ಮೀಟರ್‌ಗಿಂತ ಕಡಿಮೆ. ಇದು ಲೆಕ್ಕಕ್ಕೆ ಬರುತ್ತಾ?

ಮನೆ 27:
ಅಕ್ಕಾ, ಚಿನ್ನದಂಥ ಪಾಯಿಂಟು ಹಿಡಿದಿದ್ದೀರಿ. ಐದು ಅಥವಾ ಹೆಚ್ಚು ಜನರ ಎಚ್‌ಎಂಒಗೆ 2018ರ ಅಕ್ಟೋಬರ್ 1ರಿಂದ, ಎಷ್ಟೇ ಅಂತಸ್ತಿರಲಿ, ಲೈಸೆನ್ಸ್ ಕಡ್ಡಾಯ. ಅದರ ಷರತ್ತಿನಲ್ಲಿ ಹತ್ತು ವರ್ಷ ಮೀರಿದ ಒಬ್ಬರು ಮಲಗೋ ರೂಮಿಗೆ ಕನಿಷ್ಠ 6.51 ಚದರ ಮೀಟರ್, ಇಬ್ಬರಿಗೆ 10.22. ಸೂರು 1.5 ಮೀಟರ್‌ಗಿಂತ ತಗ್ಗಿದ್ದ ಜಾಗ ಲೆಕ್ಕಕ್ಕಿಲ್ಲ. 8.1ರಲ್ಲಿ 0.9 × 3.0 = 2.7 ಕಳೀರಿ, ಉಳಿಯೋದು 5.4. ಅಂದ್ರೆ ಆ ರೂಮಲ್ಲಿ ಹತ್ತು ವರ್ಷ ಮೀರಿದ ಯಾರನ್ನೂ ಮಲಗಿಸೋ ಹಾಗೇ ಇಲ್ಲ. ಏಳು ರೂಮಿನ ಅರ್ಜಿಯಲ್ಲಿ ನಿಲ್ಲೋದು ಆರೇ!

ಆದರೆ ಬರೆಯೋ ರೀತಿ ಮುಖ್ಯ. ‘ಲೈಸೆನ್ಸ್ ನಿಯಮ ಮುರಿಯುತ್ತೆ’ ಅಂತ ಬರೆದ್ರೆ ಆಫೀಸರ್ ‘ಅದು ಬೇರೆ ಇಲಾಖೆ, ಬೇರೆ ಕಾನೂನು’ ಅಂತ ಒಂದೇ ಸಾಲಲ್ಲಿ ತಳ್ಳಿಹಾಕ್ತಾರೆ. ‘ಅಲ್ಲಿ ವಾಸ ಮಾಡೋರಿಗೆ ಸಾಕಷ್ಟು ಜಾಗವಿಲ್ಲ’ ಅನ್ನೋದನ್ನ ಮುಂದಿಟ್ಟು, 5.4 ಲೆಕ್ಕವನ್ನ ಅದಕ್ಕೆ ಪುರಾವೆಯಾಗಿ ಕೊಡಿ.

ಮನೆ 41:
ಪಾರ್ಕಿಂಗ್ ಬಗ್ಗೆ ನಾ ಹೇಳ್ತೀನ್ರಿ. ‘ಗಾಡಿ ನಿಲ್ಲಸಾಕ ಜಾಗಾ ಸಿಗಂಗಿಲ್ಲ’ ಅಂತ ನಲವತ್ತು ಮಂದಿ ಬರದ್ರೂ ಅದು ಬರೇ ದೂರು. ಸರ್ವೆ ಬೇಕು. ಭಾಳ ಕಡೆ ಒಪ್ಪೂದು ಲ್ಯಾಂಬೆತ್ ಪದ್ಧತಿ. ಹೌದ್ರಿ, ಥೇಮ್ಸ್ ದಂಡಿಗೆ ನಮ್ಮ ಬಸವಣ್ಣನವರ ಮೂರ್ತಿ ಐತಲ್ಲಾ, ಲಂಡನ್ನಿನ ಅದೇ ಲ್ಯಾಂಬೆತ್.

ಸೋಮವಾರದಿಂದ ಗುರುವಾರದೊಳಗ ಎರಡು ರಾತ್ರಿ ಎಣಿಸಬೇಕು, ರಾತ್ರಿ 12:30ರಿಂದ ಮುಂಜಾನೆ 5:30ರ ನಡುವ. ಸಾಲಿ ಸೂಟಿ ಇದ್ದಾಗ ಬ್ಯಾಡ. ಆ ಮನಿಯಿಂದ ನಡಕೊಂಡು 200 ಮೀಟರ್ ಎಲ್ಲೀತನಕ ಆಗತೈತಿ ಅಲ್ಲೀತನಕ. ಕರ್ಬ್ (ಫುಟ್‌ಪಾತಿನ ಅಂಚು) ಉದ್ದ ಟೇಪ್ ಹಿಡದು ಅಳೀರಿ. ಡ್ರೈವ್‌ವೇ ಮುಂದಿಂದು, ಹಳದಿ ಗೆರಿ, ರಸ್ತಾ ಕೂಡೂ ಮೂಲಿ ಎಲ್ಲಾ ಬಿಡ್ರಿ. ಉಳದ ಒಂದೊಂದು ತುಣುಕಿಗೂ 5 ಮೀಟರಿಗೆ ಒಂದು ಗಾಡಿ. ಇಲ್ಲೇ ತಪ್ಪಾಗೂದು: ಎಲ್ಲಾ ಕೂಡಿಸಿ 5ರಿಂದ ಭಾಗಿಸಬಾರದು. 23 ಮೀಟರಿನ ತುಣುಕಿಗೆ ನಾಕ ಗಾಡಿ, ನಾಕೂವರಿ ಅಲ್ಲ. 84 ಜಾಗಾದಾಗ 78 ಗಾಡಿ ನಿಂತಿದ್ದರ 92.9 ಪರ್ಸೆಂಟ್ ಆತು. 85 ದಾಟಿದ್ರ ಒತ್ತಡ ಭಾಳ ಅಂತ ಸಾಮಾನ್ಯವಾಗಿ ಹಿಡೀತಾರ. ಫೋಟೋದಾಗ ಟೈಮ್ ಕಾಣಬೇಕು, ನಂಬರ್ ಪ್ಲೇಟ್ ಮಸುಕು ಮಾಡ್ರಿ.

ಮನೆ 19:
ಸೈಕಲ್ ಮತ್ತು ಬಿನ್ ವಿಷಯ ಯಾರೂ ನೋಡಿಲ್ಲ ಅಲ್ವಾ? ಏಳು ಸೈಕಲಿನ ಶೆಡ್ಡು ಹಿತ್ತಲಲ್ಲಿ ತೋರಿಸಿದ್ದಾರೆ. ಹೋಗ್ಲಿಕ್ಕೆ ಇರುವ ಪಕ್ಕದ ಓಣಿ ನಕ್ಷೆಯಲ್ಲಿ 70 ಸೆಂಟಿಮೀಟರ್. ಅದೇ ಗೋಡೆಯಲ್ಲಿ ಗ್ಯಾಸ್ ಮೀಟರಿನ ಪೆಟ್ಟಿಗೆ ಹೊರಗೆ ಚಾಚಿಕೊಂಡಿದೆ, ನಕ್ಷೆಯಲ್ಲಿ ಅದರ ಸುದ್ದಿಯೇ ಇಲ್ಲ. ಪೆಟ್ಟಿಗೆ 20 ಸೆಂಟಿಮೀಟರ್ ಅಂದ್ರೂ ಉಳಿದದ್ದು 50. ಹ್ಯಾಂಡಲ್ಲೇ 60 ಇರ್ತದೆ. ಸೈಕಲ್ ತಲೆ ಮೇಲೆ ಹೊತ್ಕೊಂಡು ಹೋಗ್ಬೇಕಷ್ಟೆ.

240 ಲೀಟರಿನ ಬಿನ್ ಸುಮಾರು 58 ಸೆಂಟಿಮೀಟರ್ ಅಗಲ, 74 ಆಳ. ಮುಂದೆ ನಾಲ್ಕು ಸಾಲಾಗಿ ಬರೆದಿದ್ದಾರೆ, ಅಲ್ಲಿಗೇ 232 ಸೆಂಟಿಮೀಟರ್. ಮುಂಬಾಗಿಲ ದಾರಿ ಬಿಟ್ಟರೆ ಆ ಗೋಡೆಯ ಉದ್ದ ಇರುವುದೇ 210. ಬಿನ್ ಫುಟ್‌ಪಾತಿಗೆ ಬರ್ತದೆ, ಗಾಲಿಕುರ್ಚಿಯವರು ರಸ್ತೆಗೆ ಇಳೀಬೇಕು.

ಮನೆ 27:
ಇವೆರಡನ್ನೂ ಫೋಟೋ ಸಮೇತ ಕಳಿಸಿ. ಆರಕ್ಕೂ ಏಳಕ್ಕೂ ಏನು ವ್ಯತ್ಯಾಸ ಅನ್ನೋದಕ್ಕೆ ಇಂಥವೇ ಉತ್ತರ.

ಮನೆ 12 ಸರ್, ಸಹಿ ಸಂಗ್ರಹ ಬೇಡ ಅಂತಲ್ಲ, ಆದರೆ ಸಾಮಾನ್ಯವಾಗಿ ಅದನ್ನ ಒಂದೇ ಆಕ್ಷೇಪಣೆ ಅಂತ ಎಣಿಸ್ತಾರೆ. ಮನೆಗೊಂದು ಪತ್ರ, ಅವರವರ ಮಾತಿನಲ್ಲಿ, ಮೇಲು. ಒಂದೇ ಪತ್ರದ ಮೂವತ್ತು ನಕಲು ಬಂದ್ರೆ ಓದೋರಿಗೂ ಗೊತ್ತಾಗುತ್ತೆ. ಪೋರ್ಟಲ್ ಬಾಕ್ಸಿನಲ್ಲಿ ನೇರ ಟೈಪ್ ಮಾಡಬೇಡಿ, ಟೈಮ್‌ಔಟ್ ಆಗಿ ಎಲ್ಲ ಹೋಗುತ್ತೆ. ಬೇರೆ ಕಡೆ ಬರೆದು ಪೇಸ್ಟ್ ಮಾಡಿ. ಮನೆ ಬೆಲೆ ಇಳಿಯುತ್ತೆ, ಓನರ್ ಸರಿಯಿಲ್ಲ, ನೋಟ ಹಾಳಾಗುತ್ತೆ, ಇವ್ಯಾವೂ ಲೆಕ್ಕಕ್ಕಿಲ್ಲ. ಬಾಡಿಗೆಗೆ ಬರೋರು ಎಲ್ಲಿಯವರು, ಎಂಥವರು ಅನ್ನೋದಂತೂ ಒಂದಕ್ಷರ ಬರಬಾರದು. ಬಂದ್ರೆ ಆ ಪತ್ರವನ್ನೇ ತೆಗೆದುಹಾಕ್ತಾರೆ. ಊರಿಂದ ಹೊಸದಾಗಿ ಬರೋ ನಮ್ಮ ಹುಡುಗರೂ ಮೊದಲು ಇಳಿಯೋದು ಇಂಥ ಮನೆಯಲ್ಲೇ ಅಲ್ವೇ. ಪತ್ರ ನಿಮ್ಮ ಹೆಸರಿನ ಜೊತೆ ವೆಬ್‌ಸೈಟಿಗೆ ಬರುತ್ತೆ ಅನ್ನೋದೂ ನೆನಪಿರಲಿ.

ಮನೆ 8:
ಸರಿ, ಕಮಿಟಿಗೆ ಬಂತು ಅಂತಿಟ್ಕೊಳ್ಳೋಣ. ಆವತ್ತು ಏನು?

ಮನೆ 27:
ಅಜೆಂಡಾ, ಆಫೀಸರ್ ವರದಿ ಎರಡೂ ಸಭೆಗೆ ಐದು ಪೂರ್ಣ ಕೆಲಸದ ದಿನ ಮುಂಚೆ ಹೊರಗೆ ಬರಬೇಕು. ಹಾಕಿದ ದಿನ, ಸಭೆಯ ದಿನ, ಶನಿವಾರ ಭಾನುವಾರ ಸೇರೋಲ್ಲ. ಬುಧವಾರ ಸಭೆ ಅಂದ್ರೆ ಹಿಂದಿನ ವಾರದ ಮಂಗಳವಾರ ಸಿಗಬೇಕು. ಅವತ್ತೇ ಮಾತಾಡೋಕೆ ಹೆಸರು ಬರೆಸಿ. ಆಕ್ಷೇಪಣೆಯವರಿಗೆ ಎಲ್ಲರಿಗೂ ಸೇರಿ ಮೂರು ನಿಮಿಷ, ಅಷ್ಟೇ. ಇಂಗ್ಲಿಷಿನಲ್ಲಿ 380 ಪದ ದಾಟಬಾರದು. ಐದು ಜನ ಹಂಚಿಕೊಳ್ಳೋದು ಬೇಡ, ಒಬ್ಬರೇ ಮಾತಾಡಲಿ: ಮೊದಲು 5.4 ಚದರ ಮೀಟರು, ಆಮೇಲೆ ಪಾರ್ಕಿಂಗ್ ಸಂಖ್ಯೆ, ಆಮೇಲೆ ಓಣಿ, ಬಿನ್. ವರದಿಯ ಪ್ಯಾರಾ ನಂಬರ್ ಹೇಳಿ ‘ಇಲ್ಲಿ ತಪ್ಪಿದೆ’ ಅಂದ್ರೆ ಸದಸ್ಯರು ಪುಟ ತಿರುವಿ ನೋಡ್ತಾರೆ. ಹಿಂದಿನ ಸಂಜೆ ಅಡೆಂಡಮ್ ಹಾಳೆ (ವರದಿಗೆ ಕೊನೇ ಗಳಿಗೆಯ ಸೇರ್ಪಡೆ) ಬರಬಹುದು, ಅರ್ಜಿದಾರ ಅದರಲ್ಲಿ ನಕ್ಷೆ ತಿದ್ದಿರಬಹುದು. ಅದನ್ನ ನೋಡದೆ ಹೋಗಿ ಹಳೇ ನಕ್ಷೆ ಮೇಲೆ ಮಾತಾಡಿದ್ರೆ ಮೂರು ನಿಮಿಷವೂ ನೀರುಪಾಲು.

ಆಫೀಸರ್ ‘ಕೊಡಿ’ ಅಂದಿದ್ದನ್ನ ಕಮಿಟಿ ‘ಕೊಡಲ್ಲ’ ಅನ್ನಬಹುದು, ಆದರೆ ಪ್ಲಾನಿಂಗ್ ಕಾರಣ ಹೇಳಬೇಕು. ಸುಮ್ಮನೆ ನಿರಾಕರಿಸಿದ್ರೆ ಅರ್ಜಿದಾರ ಆರು ತಿಂಗಳೊಳಗೆ ಸರ್ಕಾರದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟಿಗೆ ಅಪೀಲು ಹೋಗ್ತಾನೆ, ಖರ್ಚೂ ಕೌನ್ಸಿಲ್ ತಲೆ ಮೇಲೆ ಬೀಳಬಹುದು. ಕೌನ್ಸಿಲರ್‌ಗಳ ಹೆದರಿಕೆ ಅದೇ. ನಾವು ಕೊಡೋ ಲೆಕ್ಕ ಅವರ ಬಾಯಿಗೆ ಕಾರಣ ಆಗಬೇಕು. ನಮಗೆ ಮಾತ್ರ ಅಪೀಲಿಲ್ಲ. ಇರೋದು ಆರು ವಾರದೊಳಗಿನ ಜುಡಿಷಿಯಲ್ ರಿವ್ಯೂ (ತೀರ್ಮಾನ ಕಾನೂನುಬದ್ಧವೇ ಅಂತ ಕೋರ್ಟಲ್ಲಿ ಪ್ರಶ್ನಿಸೋದು), ಅದು ದುಡ್ಡಿನ ಕೆಲಸ.

ಮನೆ 8:
ಆರಕ್ಕೆ ಇಳಿಸಿಕೊಂಡು ಸುಮ್ಮನೆ ಶುರು ಮಾಡಿದ್ರೆ?

ಮನೆ 27:
ಈ ಮನೆಗೆ ತಡೆಯೋಕಾಗಲ್ಲ ಅಣ್ಣ. ಮುಂದಿನ ಮನೆಗಳಿಗೆ ಆರ್ಟಿಕಲ್ 4 ಕೇಳಬೇಕು, ಅದು ಈ ಕಮಿಟಿಯ ಕೆಲಸವಲ್ಲ, ಬೇರೆ ದಾರಿ. ಸಾಮಾನ್ಯವಾಗಿ 12 ತಿಂಗಳ ನೋಟಿಸು ಕೊಟ್ಟು ತರ್ತಾರೆ, ತಕ್ಷಣ ತಂದ್ರೆ ಓನರ್‌ಗಳಿಗೆ ಪರಿಹಾರ ಕೊಡಬೇಕಾಗಬಹುದು ಅಂತ. ಬರೀ ಡೈರೆಕ್ಷನ್ ಸಾಲದು, ಜೊತೆಗೆ ಮಿತಿಯ ಪಾಲಿಸಿ ಬೇಕು. ಪೋರ್ಟ್ಸ್‌ಮತ್‌ನಲ್ಲಿ 50 ಮೀಟರ್ ತ್ರಿಜ್ಯದೊಳಗಿನ ಮನೆಗಳಲ್ಲಿ ಎಚ್‌ಎಂಒ 10 ಪರ್ಸೆಂಟ್ ದಾಟಬಾರದು, ಆಕ್ಸ್‌ಫರ್ಡಿನಲ್ಲಿ ಆ ಮನೆಯ ಎರಡೂ ಬದಿಗೆ ರಸ್ತೆಯ 100 ಮೀಟರ್ ಉದ್ದದಲ್ಲಿ 20 ಪರ್ಸೆಂಟ್ ದಾಟಬಾರದು ಅಂತ ಇಟ್ಟಿದ್ದಾರೆ. ನಮ್ಮ ಮೂರನೇ ಕೌನ್ಸಿಲರ್‌ಗೆ ಈ ಕೆಲಸ ವಹಿಸೋಣ. ಲೈಸೆನ್ಸ್ ರಿಜಿಸ್ಟರ್ ಯಾರು ಬೇಕಾದ್ರೂ ನೋಡಬಹುದು. ಆದರೆ ಚಿಕ್ಕ ಎಚ್‌ಎಂಒಗಳಿಗೂ ಲೈಸೆನ್ಸ್ ಬೇಕು ಅನ್ನೋ ಬೇರೆ ಸ್ಕೀಮ್ ಇಲ್ಲದ ಕಡೆ ಐದಕ್ಕಿಂತ ಕಡಿಮೆ ಜನರ ಮನೆಗಳು ಅದರಲ್ಲಿ ಇರಲ್ಲ, ಆ ಪಟ್ಟಿ ನಾವೇ ಮಾಡಬೇಕು.

ಮನೆ 12:
ಸರಿ, ಮಾತು ತಗೊಳ್ಳೋ ಯೋಚನೆ ಬಿಟ್ಟೆ. ಕಾಲ್-ಇನ್ ಈಮೇಲ್ ಇವತ್ತು ರಾತ್ರಿ ಬರೆದು ಗುಂಪಿಗೆ ಹಾಕ್ತೀನಿ, 27ರವರು ಒಂದ್ಸಲ ತಿದ್ದಿಕೊಡಿ.

ಮನೆ 41:
ಸರ್ವೆ ಮಂಗಳವಾರ ಮತ್ತ ಬುಧವಾರ ರಾತ್ರಿ, ಬರೋಬ್ಬರಿ 1 ಗಂಟೆಕ್ಕ, ನಮ್ಮ ಗೇಟ್ ಮುಂದ. 30 ಮೀಟರಿನ ಟೇಪ್ ನನ್ನ ಹತ್ರ ಐತಿ. ಹಗಲಿನ್ಯಾಗ ಅಳದು ನಕ್ಷಾ ಮಾಡಿಡ್ತೀನಿ, ರಾತ್ರಿ ಬರೇ ಎಣಿಸೂದು. ಇಬ್ಬರು ಬೇಕು. ಹಳದಿ ಜಾಕೀಟ್ ಹಾಕ್ಕೊಂಡ ಬರ್ರಿ, ಕಾರ್ ಕದಿಯಾಕ ಬಂದಾರ ಅಂತ ಯಾರಾರ ಪೊಲೀಸರಿಗೆ ಫೋನ್ ಹಚ್ಚಿದ್ರ ಕಷ್ಟ.

ಮನೆ 19:
ಮಂಗಳವಾರ ನಾನಿದ್ದೇನೆ.

ಮನೆ 8:
ಬುಧವಾರ ಬರ್ತೀನಿ. ಟೀ ಫ್ಲಾಸ್ಕ್ ನನ್ನದು.