ಹೋಂಸ್ಟೇಗಳ ಕಾರ್ಬನ್ ಮಾನಾಕ್ಸೈಡ್ ಅಳತೆ ಒಂದೇ ಶೀಟಿನಲ್ಲಿ: ಏನೇನು ಬರೆದಿಡಬೇಕು?

ಸೋಮವಾರಪೇಟೆ ಹೋಂಸ್ಟೇ ಬಳಗ:
ನಮ್ಮ ಕಡೆಯ ಕೆಲವು ಹೋಂಸ್ಟೇಯವರು ಸೇರಿ ಸಿಓ (ಕಾರ್ಬನ್ ಮಾನಾಕ್ಸೈಡ್, ಬೆಂಕಿ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ) ಅಲಾರಂ ತಂದು, ರೀಡಿಂಗನ್ನೆಲ್ಲ ಒಂದೇ ಗೂಗಲ್ ಶೀಟಿಗೆ ಹಾಕೋಣ ಅಂತಿದ್ದೇವೆ. ಬಚ್ಚಲಲ್ಲಿ ಗ್ಯಾಸ್ ಗೀಸರ್, ಮಳೆಗಾಲದಲ್ಲಿ ಕೋಣೆಯೊಳಗೆ ಕೆಂಡ, ಕರೆಂಟ್ ಹೋದರೆ ಜನರೇಟರ್, ಮೂರೂ ಇವೆ. ಯಾವ ಉಪಕರಣ ತರಬೇಕು? ಯಾವ ಕಾಲಂ ಬೇಕು? ತೋಟದ ಲೈನ್ ಮನೆಗಳನ್ನೂ (ಕೆಲಸಗಾರರ ಸಾಲುಮನೆಗಳು) ಸೇರಿಸಬೇಕಾ?

ಅಳತೆಗೋಲು, ಮಡಿಕೇರಿ:
ಅಲಾರಂ ಬೇರೆ, ಅಳೆಯುವ ಮೀಟರ್ ಬೇರೆ. ಇಎನ್ 50291 ಎಂಬ ಯುರೋಪಿನ ಮಾನದಂಡದ ಅಲಾರಂ 50 ಪಿಪಿಎಂನಲ್ಲಿ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಸಿಓ) 60ರಿಂದ 90 ನಿಮಿಷದೊಳಗೆ, 100ರಲ್ಲಿ 10ರಿಂದ 40 ನಿಮಿಷದೊಳಗೆ, 300ರಲ್ಲಿ 3 ನಿಮಿಷದೊಳಗೆ ಕೂಗಬೇಕು. 30ರಲ್ಲಿ ಎರಡು ಗಂಟೆ ಸುಮ್ಮನಿರುತ್ತದೆ. ಜೀವ ಕಾಯಲು ಅದು ಬೇಕೇ ಬೇಕು, ಆದರೆ ಶೀಟಿಗೆ ಸಾಲದು. ಕೂಗದ ದಿನವೆಲ್ಲ ಸೊನ್ನೆ ಅಂತ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 8 ಗಂಟೆಯ ಸರಾಸರಿಗೆ ಹೇಳುವ ಮಿತಿ ಸುಮಾರು 9 ಪಿಪಿಎಂ.

ಹಾಗಾಗಿ ಮಲಗುವ ಕೋಣೆಗೊಂದು ಅಲಾರಂ, ಬಳಗಕ್ಕೆ ಒಂದೆರಡು ಲಾಗರ್ (ಅಂಕಿಯನ್ನು ತಾನೇ ದಾಖಲಿಸುತ್ತ ಹೋಗುವ ಮೀಟರ್; ಎಲೆಕ್ಟ್ರೋಕೆಮಿಕಲ್ ಸೆನ್ಸರ್, 1 ಪಿಪಿಎಂವರೆಗೆ ತೋರಿಸುವಂಥದ್ದು). ಮನೆಗೆ ಒಂದು ವಾರ ಇಟ್ಟು ಮುಂದಿನವರಿಗೆ ಕೊಡಿ. ಕೊಡುವ ಮೊದಲು ತೆರೆದ ಜಗುಲಿಯಲ್ಲಿ ಕಾಲು ಗಂಟೆ ಇಟ್ಟು ಅಲ್ಲಿನ ರೀಡಿಂಗ್ ಬರೆಯಿರಿ. ಅದಿಲ್ಲದೆ ಒಂದು ಮನೆಯ 6ನ್ನೂ ಇನ್ನೊಂದರ 6ನ್ನೂ ಹೋಲಿಸಲಾಗದು. ಅಗ್ಗದ ಎಂಕ್ಯೂ-7 ಸೆನ್ಸರ್ ಬೋರ್ಡ್ ಬೇಡ, ತೇವ ಏರಿದರೆ ಅಂಕಿ ಜಾರುತ್ತದೆ, ನಮ್ಮ ಜುಲೈ ತಿಂಗಳಲ್ಲಂತೂ ಅದನ್ನು ನಂಬಲಾಗದು. ಎಲ್‌ಪಿಜಿ ಲೀಕ್ ಡಿಟೆಕ್ಟರ್ ಸಿಓ ಹಿಡಿಯುವುದಿಲ್ಲ, ಅದನ್ನೇ ಕೊಟ್ಟು ಕಳಿಸುವ ಅಂಗಡಿಗಳಿವೆ.

ಗೀಸರ್ ರಿಪೇರಿ, ಕುಶಾಲನಗರ:
ಬಚ್ಚಲೊಳಗೆ ಅಲಾರಂ ಇಡಬೇಡಿ, ಹಬೆಗೆ ಕೆಡುತ್ತದೆ. ಬಾಗಿಲ ಹೊರಗೆ ಇಡಿ. ಒಳಗಿನ ಅಳತೆಗೆ ಕೈಮೀಟರ್ ಸಾಕು: ಬಾಗಿಲು ಮುಚ್ಚಿ, ಒಳಗೆ ಯಾರೂ ಇಲ್ಲದೆ ಹೊರಗಿನ ನಲ್ಲಿಯಿಂದ ನೀರು ಬಿಟ್ಟು ಗೀಸರ್ ಓಡಿಸಿ, ಬಾಗಿಲ ಸಂದಿಯಿಂದ ಪ್ರೋಬ್ ತೂರಿಸಿ ನೋಡಿ.

ಅಪಾಯ ಯಾಕೆ ಅಂದರೆ, ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಗಂಟೆಗೆ ಹತ್ತಿರಹತ್ತಿರ 1 ಕೆಜಿ ಗ್ಯಾಸ್ ಉರಿಯುತ್ತದೆ. ಒಂದು ಕೆಜಿಗೆ ಸುಮಾರು 12 ಘನಮೀಟರ್ ಗಾಳಿ ಬೇಕು. ಸಣ್ಣ ಬಚ್ಚಲಲ್ಲಿರುವುದೇ 7 ಘನಮೀಟರ್. ಕಾಲು ಗಂಟೆಯ ಸ್ನಾನಕ್ಕೆ ಅದರಲ್ಲಿ ಮೂರು ಹೋಯಿತು. ಆಮ್ಲಜನಕ ಇಳಿದಂತೆ ಜ್ವಾಲೆ ಅರೆಬರೆ ಉರಿದು ಸಿಓ ಏರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದ್ದರೂ ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಅದು ಹೊಗೆಕೊಳವೆಯ ಹೊಗೆಯನ್ನೇ ಒಳಗೆ ಎಳೆಯುತ್ತದೆ.

ಆದ್ದರಿಂದ ಕಾಲಂಗಳಲ್ಲಿ ಕೋಣೆಯ ಘನ ಅಳತೆ, ಗೀಸರ್ ಒಳಗೋ ಹೊರಗೋ, ಫ್ಯಾನ್ ಓಡುತ್ತಿತ್ತೇ, ಕಿಟಕಿ ಎಷ್ಟು ತೆರೆದಿತ್ತು, ಬರ್ನರ್ ಯಾವಾಗ ತೊಳೆದದ್ದು, ಗರಿಷ್ಠ ಪಿಪಿಎಂ, 30 ದಾಟಿದ ನಿಮಿಷ ಇರಲಿ. ಕೆಂಡ ಇಟ್ಟ ರಾತ್ರಿಗೆ ಬೇರೆ ಸಾಲು. ಗೀಸರನ್ನು ಹೊರಗೋಡೆಗೆ ಸಾಗಿಸಲು ಶೀಟ್ ತುಂಬುವವರೆಗೆ ಕಾಯಬೇಡಿ. ಕೆಂಡವನ್ನು ಮಲಗುವ ಕೋಣೆಯಿಂದ ಇವತ್ತೇ ತೆಗೆಯಿರಿ.

ಬೀಜದಿಂದ ಪುಡಿಗೆ, ಪೊನ್ನಂಪೇಟೆ:
ಎರಡು ಕಾಲಂ ಸೇರಿಸಿ. ಇನ್ವರ್ಟರ್ ಬ್ಯಾಟರಿ ಪಕ್ಕದಲ್ಲಿದೆಯೇ? ಚಾರ್ಜ್ ಆಗುವಾಗ ಬಿಡುವ ಹೈಡ್ರೋಜನ್‌ಗೂ ಈ ಸೆನ್ಸರ್ ಸಿಓ ಅಂತ ಅಂಕಿ ತೋರಿಸುತ್ತದೆ. ಹುರಿದ ಕಾಫಿ ಚೀಲ ಇದೆಯೇ? ಇದು ಸುಳ್ಳು ರೀಡಿಂಗ್ ಅಲ್ಲ. ಹೊಸದಾಗಿ ಹುರಿದ ಬೀಜ, ಅದಕ್ಕಿಂತ ಹೆಚ್ಚಾಗಿ ಪುಡಿ, ನಿಜವಾಗಿ ಸಿಓ ಬಿಡುತ್ತದೆ. ಗಾಳಿಯಾಡದ ಸ್ಟೋರಿನಲ್ಲಿ ಕೂಡಿಡಬಾರದು.

ಸೋಮವಾರಪೇಟೆ ಹೋಂಸ್ಟೇ ಬಳಗ:
ತುಂಬ ಉಪಕಾರ. ಹೆಸರು ಕೆಡುತ್ತದೆ ಅಂತ ಕೆಲವರು ಹಿಂಜರಿಯುತ್ತಿದ್ದಾರೆ, ಏನು ಮಾಡೋದು?

ಅಳತೆಗೋಲು, ಮಡಿಕೇರಿ:
ಮನೆಗೆ ಸಂಕೇತ ಕೊಡಿ, ಯಾವುದು ಯಾರದೆಂದು ಒಬ್ಬರಿಗೆ ಮಾತ್ರ ಗೊತ್ತಿರಲಿ. ಅತಿಥಿಗಳ ಹೆಸರು, ಫೋನ್ ಬೇಡವೇ ಬೇಡ. ಆದರೆ ಅಲಾರಂ ಕೂಗಿದ ಮನೆಗೆ ಆ ಒಬ್ಬರು ಅದೇ ದಿನ ಫೋನ್ ಮಾಡಬೇಕು.

ಲೈನ್ ಮನೆಗಳನ್ನು ಖಂಡಿತ ಸೇರಿಸಿ, ಅಲ್ಲಿರುವವರ ಒಪ್ಪಿಗೆ ಕೇಳಿ. ಅಲ್ಲಿ ಮೊದಲು ಅಲಾರಂ ಹಾಕಿ, ಲಾಗರ್ ಆಮೇಲೆ. ಕೂಗಿದರೆ ಎಲ್ಲರೂ ಹೊರಗೆ ಬಂದು, ತಲೆನೋವು, ವಾಕರಿಕೆ, ಮಂಪರು ಇದ್ದರೆ 108ಕ್ಕೆ ಕರೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಾಗಬೇಡಿ, ಅದು ಸಿಓ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ್ದೆಂದೇ ಓದುತ್ತದೆ. ಈ ಸಾಲುಗಳನ್ನು ಅಲಾರಂ ಪಕ್ಕದಲ್ಲೇ ಕನ್ನಡದಲ್ಲಿ ಅಂಟಿಸಿ, ಅಲಾರಂ ಹಿಂದೆ ಮುದ್ರಿಸಿರುವ ಬದಲಿಸುವ ದಿನಾಂಕವನ್ನು ಶೀಟಿಗೂ ಹಾಕಿ.